ಪದಸಂಪತ್ತು: ನದಿಯ ಸುದ್ದಿ ಕಲಿಸುವ ಇಂಗ್ಲಿಷ್ ಮಾತುಗಳು

ಇಂಗ್ಲಿಷ್ ದಿನಪತ್ರಿಕೆಯನ್ನು ಓದುತ್ತ ಕಠಿಣ ಪದಗಳಿಗೆ ಪೆನ್ಸಿಲಿನಿಂದ ಗೆರೆಯೆಳೆಯುವ ಅಭ್ಯಾಸ ಅನೇಕ ಮನೆಗಳಲ್ಲಿ ಉಂಟು. ಗೆರೆಯೆಳೆದ ಪದವನ್ನು ನಿಘಂಟಿನಲ್ಲಿ ಹುಡುಕಿ, ಅಲ್ಲಿ ಮೊದಲು ಕಂಡ ಅರ್ಥವನ್ನು ಅಂಚಿನಲ್ಲಿ ಬರೆದುಕೊಂಡು, ಒಂದು ಪದವನ್ನು ಗೆದ್ದಾಯಿತೆಂದು ವಿದ್ಯಾರ್ಥಿಯು ತೃಪ್ತಿಪಡುತ್ತಾನೆ. ಮರುವಾರಕ್ಕೆ ಆ ಪದ ಮರೆತಿರುತ್ತದೆ. ಮರೆತರೆ ಮತ್ತೆ ನೋಡಿಕೊಳ್ಳಬಹುದು. ಆದರೆ ಗೆರೆಯೆಳೆಯದೆ ಬಿಟ್ಟ ಪದಗಳ ಗತಿಯೇನು? ಗೊತ್ತಿದೆಯೆಂಬ ಧೈರ್ಯದಿಂದ ದಾಟಿಹೋದ ಸುಲಭ ಪದಗಳೇ ಓದುಗನನ್ನು ಹೆಚ್ಚು ಮೋಸಗೊಳಿಸುವುವು.

‘ಅವಾರ್ಡ್’ ಎಂಬುದನ್ನೇ ನೋಡಿರಿ. ಶಾಲೆಯ ವಾರ್ಷಿಕೋತ್ಸವಕ್ಕೆ ಹೋದ ಪ್ರತಿಯೊಂದು ಮಗುವಿಗೂ ಇದರ ಅರ್ಥ ಗೊತ್ತು: ಬಹುಮಾನ. ಅದೇ ಮಗು ಬೆಳೆದು, ಕೃಷ್ಣಾ ನದಿಯ ‘ಟ್ರಿಬ್ಯೂನಲ್ ಅವಾರ್ಡ್’ ಎಂಬ ಶೀರ್ಷಿಕೆಯನ್ನು ಓದಿ, ಯಾರಿಗೆ ಯಾವ ಬಹುಮಾನ ಬಂತೆಂದು ಕೇಳಿದರೆ ನಗಬೇಕಾಗಿಲ್ಲ. ಹೇಳಿಕೊಡಬೇಕಾದುದನ್ನು ಯಾರೂ ಹೇಳಿಕೊಡಲಿಲ್ಲವೆಂದಷ್ಟೇ ತಿಳಿಯಬೇಕು.

ಪದಸಂಪತ್ತನ್ನು ಬೆಳೆಸುವ ಕಲೆಗೆ ಪುಸ್ತಕಗಳ ಕೊರತೆಯಿಲ್ಲ. ಅಮೆರಿಕೆಯ ‘ರೀಡರ್ಸ್ ಡೈಜೆಸ್ಟ್’ ಮಾಸಿಕದಲ್ಲಿ ವಿಲ್ಫ್ರೆಡ್ ಫಂಕ್ ಅವರ ಪದಪರೀಕ್ಷೆಯ ಅಂಕಣವು 1945ರಲ್ಲಿ ಆರಂಭವಾಯಿತು. ನಾರ್ಮನ್ ಲೂಯಿಸ್ ಅವರ ‘ವರ್ಡ್ ಪವರ್ ಮೇಡ್ ಈಸಿ’ 1949ರಲ್ಲಿ ಹೊರಬಂದು, ಸ್ಪರ್ಧಾ ಪರೀಕ್ಷೆಗೆ ಕೂರುವ ಭಾರತದ ತರುಣರ ಕೈಪಿಡಿಯೇ ಆಗಿಹೋಯಿತು. ಪದಗಳನ್ನು ಒಂಟಿಯಾಗಿ ಬಾಯಿಪಾಠ ಮಾಡದೆ, ಒಂದೇ ಬೇರಿನಿಂದ ಹುಟ್ಟಿದ ಪದಗಳನ್ನು ಒಟ್ಟಿಗೆ ಕಲಿಯಬೇಕೆಂಬುದು ಲೂಯಿಸರ ದಾರಿ. ದಾರಿ ಒಳ್ಳೆಯದು. ಆದರೆ ಅಲ್ಲಿಯ ಉದಾಹರಣೆಗಳು ಅಮೆರಿಕೆಯ ಬದುಕಿನವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಓದುಗನಿಗೆ ಆ ಕೊರತೆಯನ್ನು ದಿನಪತ್ರಿಕೆಯೇ ತುಂಬಿಕೊಡುತ್ತದೆ. ವಿಜಯಪುರ ಜಿಲ್ಲೆಯ ಈ ನಾಲ್ಕು ಹಳೆಯ ತಾಲೂಕುಗಳ ಪೈಕಿ ಮೊದಲೆರಡಕ್ಕೆ ಭೀಮೆಯ ದಡ, ಉಳಿದೆರಡಕ್ಕೆ ಕೃಷ್ಣೆಯ ದಡ. ನಡುವೆ ಡೋಣಿ ಹರಿಯುತ್ತದೆ. ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಈಚೆಗೆ ಇವುಗಳಿಂದಲೇ ಒಡೆದು ಬೇರೆ ತಾಲೂಕುಗಳಾದುವು. ನದಿಗಳ ಸುದ್ದಿಯಿಲ್ಲದೆ ಇಲ್ಲಿ ವರ್ಷ ಕಳೆಯುವುದಿಲ್ಲ. ಆ ಸುದ್ದಿಯೊಡನೆ ಬರುವ ಪದಗಳನ್ನು ಮಾತ್ರವೇ ಈ ವಾರ ಆಯ್ದುಕೊಂಡಿದೆ.

ನೀರಿನ ಮಾತುಗಳು

ಮಳೆಗಾಲದಲ್ಲಿ ಪ್ರತಿದಿನವೂ ಕಾಣುವ ಪದ ‘ಕ್ಯೂಸೆಕ್’. ಇದು ‘ಕ್ಯೂಬಿಕ್ ಫುಟ್ ಪರ್ ಸೆಕೆಂಡ್’ ಎಂಬುದರ ಮುದ್ದೆ; ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು. ಒಂದು ಘನ ಅಡಿಯೆಂದರೆ ಸುಮಾರು 28 ಲೀಟರು, ತುಂಬಿದ ಎರಡು ಕೊಡಗಳಷ್ಟು. ಇದರ ಜೊತೆಗಾರ ‘ಟಿ.ಎಂ.ಸಿ.’ ಅಂದರೆ ಸಾವಿರ ಮಿಲಿಯನ್ ಘನ ಅಡಿ. ನಮ್ಮ ಲೆಕ್ಕದಲ್ಲಿ 100 ಕೋಟಿ ಘನ ಅಡಿ. ಮೊದಲನೆಯದು ಹರಿವಿನ ವೇಗ, ಎರಡನೆಯದು ಕೂಡಿಟ್ಟ ನೀರಿನ ಮೊತ್ತ. ಒಂದನ್ನು ತಿಂಗಳ ಸಂಬಳಕ್ಕೂ ಇನ್ನೊಂದನ್ನು ಬ್ಯಾಂಕಿನ ಠೇವಣಿಗೂ ಹೋಲಿಸಬಹುದು. 11,574 ಕ್ಯೂಸೆಕ್ ನೀರು ಇಪ್ಪತ್ತನಾಲ್ಕು ಗಂಟೆ ಎಡೆಬಿಡದೆ ಹರಿದರೆ ಒಂದು ಟಿ.ಎಂ.ಸಿ. ಆಗುತ್ತದೆ. ಆಲಮಟ್ಟಿ ಜಲಾಶಯ 519.6 ಮೀಟರಿನ ಮಟ್ಟಕ್ಕೆ ತುಂಬಿದಾಗ ಅದರಲ್ಲಿ 123 ಟಿ.ಎಂ.ಸಿ. ನೀರಿರುತ್ತದೆ. ಒಂದು ಲಕ್ಷ ಕ್ಯೂಸೆಕ್ ಹೊರಹರಿವೆಂದು ಪತ್ರಿಕೆಯಲ್ಲಿ ಓದಿದವನು, ಒಂದು ದಿನಕ್ಕೆ ಎಂಟೂವರೆ ಟಿ.ಎಂ.ಸಿ.ಗಿಂತ ತುಸು ಹೆಚ್ಚು ನೀರು ಕೆಳಗೆ ಹೋಯಿತೆಂದು ಈಗ ತಾನೇ ಲೆಕ್ಕ ಹಾಕಬಲ್ಲನು.

ಎರಡನೆಯ ಪದ ‘ಇನಂಡೇಟ್’. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಡದ ಹೊಲಗಳನ್ನು ಮುಳುಗಿಸಿದಾಗ ಇಂಥ ವರದಿಗಳಿಗೆ ಈ ಪದವಿಲ್ಲದೆ ನಡೆಯುತ್ತಿರಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಉಂಡ’ ಎಂದರೆ ಅಲೆ. ಅಲೆಯು ಒಳಕ್ಕೆ ನುಗ್ಗಿದರೆ ‘ಇನಂಡೇಟ್’, ಅಂದರೆ ಜಲಾವೃತವಾಗುವುದು. ಅಲೆಯಲೆಯಾಗಿ ತುಂಬಿ ಹೊರಚೆಲ್ಲಿದರೆ ‘ಅಬಂಡೆಂಟ್’, ಅಂದರೆ ಸಮೃದ್ಧ. ಬೇಕಾದುದಕ್ಕಿಂತ ಮೀರಿ ಹರಿದರೆ ‘ರಿಡಂಡೆಂಟ್’, ಅಂದರೆ ಅನಾವಶ್ಯಕ. ನೆರೆಗೂ ಸಮೃದ್ಧಿಗೂ ಬೇರು ಒಂದೇ ಎಂಬುದು ಹೊರಗಿನವರಿಗೆ ವಿಚಿತ್ರವಾಗಿ ತೋರಬಹುದು. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂದು ಆಡಿಕೊಳ್ಳುವ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಕ್ಕಿ ಬಂದು ಬೆಳೆಯನ್ನು ಕೊಚ್ಚಿಕೊಂಡು ಹೋಗುವ ನದಿಯೇ ಎರೆಮಣ್ಣನ್ನು ಹದಮಾಡಿ ಜೋಳವನ್ನೂ ಕೊಡುತ್ತದೆ.

ಮೂರನೆಯದು ‘ರೈಪೇರಿಯನ್’. ಮೇಲಿನ ರೈಪೇರಿಯನ್ ರಾಜ್ಯ, ಕೆಳಗಿನ ರೈಪೇರಿಯನ್ ರಾಜ್ಯ ಎಂದು ಜಲವಿವಾದದ ವರದಿಗಳಲ್ಲಿ ಬರುತ್ತದೆ. ಲ್ಯಾಟಿನ್ನಿನ ‘ರೀಪ’ ಎಂದರೆ ದಡ. ರೈಪೇರಿಯನ್ ಎಂದರೆ ನದೀತೀರಕ್ಕೆ ಸೇರಿದುದು. ‘ರಿವರ್’ ಎಂಬ ಚಿರಪರಿಚಿತ ಪದವೂ ಈ ಬೇರಿನದೇ. ದೋಣಿಯಿಂದ ದಡ ಸೇರುವುದೇ ‘ಅರೈವ್’. ಇಂದು ರೈಲು ಬಂತೆನ್ನುವುದಕ್ಕೂ ಅದೇ ಮಾತು. ಆದರೆ ‘ರೈವಲ್’ ಎಂಬುದನ್ನು ಇದೇ ಮನೆಯದೆಂದು ಎಣಿಸಬಾರದು. ಅದರ ಬೇರು ‘ರೀವುಸ್’, ಅಂದರೆ ಹಳ್ಳ, ತೊರೆ. ಒಂದೇ ಹಳ್ಳದ ನೀರನ್ನು ಬಳಸುವ ನೆರೆಯವರೇ ಮೊದಲಿಗೆ ‘ರೈವಲ್’ಗಳು, ನೀರಿಗಾಗಿ ಜಗಳವಾದ ಮೇಲೆ ಆ ಮಾತಿಗೆ ಪ್ರತಿಸ್ಪರ್ಧಿ ಎಂಬ ಅರ್ಥ ಬಂತು. ಕಾಲುವೆಯ ಪಾಳಿಗಾಗಿ ರಾತ್ರಿಯಿಡೀ ಕಾದ ರೈತನು ಈ ಪದವನ್ನು ಮರೆಯಲಾರನು.

ಅಣೆಕಟ್ಟಿನ ಮಾತುಗಳು

ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟನ್ನು ಕಟ್ಟಲು 1964ರ ಮೇ 22ರಂದು ಲಾಲ್ ಬಹಾದುರ್ ಶಾಸ್ತ್ರಿಯವರು ಶಿಲಾನ್ಯಾಸ ಮಾಡಿದರು. ಆ ಜಲಾಶಯಕ್ಕೆ ಅವರದೇ ಹೆಸರು. ಅಂದು ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದ ಆಲಮಟ್ಟಿ ಇಂದು ನಿಡಗುಂದಿ ತಾಲೂಕಿನಲ್ಲಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯೊಡನೆ ಈ ನಾಡಿಗೆ ಬಂದ ಪದ ‘ಸಬ್‌ಮರ್ಜೆನ್ಸ್’. ‘ಸಬ್’ ಎಂದರೆ ಕೆಳಗೆ, ‘ಮೆರ್ಗೆರೆ’ ಎಂದರೆ ಅದ್ದುವುದು. ಎರಡು ಬ್ಯಾಂಕುಗಳು ಒಂದರಲ್ಲೊಂದು ಅದ್ದಿಹೋದರೆ ‘ಮರ್ಜರ್’. ಅದ್ದಿದ್ದು ಮೇಲಕ್ಕೆ ಎದ್ದರೆ ‘ಎಮರ್ಜ್’. ಎಣಿಸದೆ ತಟ್ಟನೆ ಎದ್ದು ನಿಂತ ಸಂಕಟವೇ ‘ಎಮರ್ಜೆನ್ಸಿ’. ಮೊದಲ ಪದಕ್ಕೆ ಈ ಭಾಗದ ಜನರು ಯಾವ ನಿಘಂಟನ್ನೂ ನೋಡದೆ ‘ಮುಳುಗಡೆ’ ಎಂಬ ಕನ್ನಡವನ್ನು ಕಂಡುಕೊಂಡರು. ಇಂದು ಅದು ಸರ್ಕಾರಿ ಕಾಗದಗಳಲ್ಲಿಯೂ ನಿಂತಿದೆ. ‘ಇನಂಡೇಟ್’ ಆದ ಹೊಲ ನೀರಿಳಿದ ಮೇಲೆ ಮತ್ತೆ ಒಡೆಯನ ಕೈಸೇರುವುದು. ‘ಸಬ್‌ಮರ್ಜೆನ್ಸ್’ಗೆ ಗುರುತಾದ ಹೊಲ ಮತ್ತೆ ಬಾರದು. ಪತ್ರಿಕೆಯನ್ನು ಓದುವಾಗ ಈ ಭೇದವನ್ನು ನೆನಪಿಡಬೇಕು.

ಈಗ ‘ಅವಾರ್ಡ್’ಗೆ ಬರಬಹುದು. ಇದರ ಮೂಲಾರ್ಥ ಚೆನ್ನಾಗಿ ಪರಿಶೀಲಿಸಿ ಕೊಟ್ಟ ನಿರ್ಣಯ. ‘ಗಾರ್ಡ್’, ‘ವಾರ್ಡನ್’, ‘ರಿವಾರ್ಡ್’ಗಳು ಇದರ ಬಂಧುಗಳು, ಎಲ್ಲದರ ಒಳಗೂ ಎಚ್ಚರದಿಂದ ನೋಡುವ ಭಾವವಿದೆ. ಬಹುಮಾನವೆಂಬ ಅರ್ಥ ಆಮೇಲೆ ಬಂದುದು. ಕಾನೂನಿನ ಭಾಷೆ ಹಳೆಯ ಅರ್ಥವನ್ನೇ ಉಳಿಸಿಕೊಂಡಿದೆ. ಕನ್ನಡದಲ್ಲಿ ಅದಕ್ಕೆ ‘ಐತೀರ್ಪು’ ಎಂದು ಹೆಸರು. 1969ರಲ್ಲಿ ರಚಿತವಾದ ಬಚಾವತ್ ನ್ಯಾಯಮಂಡಳಿ 1973ರಲ್ಲಿ ವರದಿಯನ್ನಿತ್ತು, 1976ರಲ್ಲಿ ಅದನ್ನು ಅಂತಿಮಗೊಳಿಸಿ, ಕೃಷ್ಣೆಯ 2060 ಟಿ.ಎಂ.ಸಿ. ನೀರಿನಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರ ಪ್ರದೇಶಕ್ಕೆ 800 ಎಂದು ಹಂಚಿತು. ಅದು ‘ಅವಾರ್ಡ್’. ಒಬ್ಬ ರೈತನ ಮೂರು ಎಕರೆಗೆ ಇಷ್ಟು ರೂಪಾಯಿಯೆಂದು ಭೂಸ್ವಾಧೀನಾಧಿಕಾರಿಯು ನಿರ್ಣಯಿಸಿದ ಕಾಗದವೂ ‘ಅವಾರ್ಡ್’. ಮೂರು ರಾಜ್ಯಗಳ ನೀರಿಗೂ ಒಂದು ಮನೆಯ ಹೊಲಕ್ಕೂ ಒಂದೇ ಪದ.

ಇದರ ಬೆನ್ನಿಗೇ ‘ನೋಟಿಫೈ’ ಎಂಬ ಪದ ಬರುತ್ತದೆ. ತಿಳಿಸು ಎಂಬ ಅರ್ಥವೇನೋ ಸರಿ. ಆದರೆ ಇಂಥ ಸುದ್ದಿಯಲ್ಲಿ ಅದಕ್ಕೆ ಗೆಜೆಟ್ಟಿನಲ್ಲಿ ಪ್ರಕಟಿಸುವುದೆಂದು ಅರ್ಥ. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಆ ನಿರ್ಣಯ ಊರೂರಿಗೆ ತಿಳಿದುಹೋಯಿತು. ಗೆಜೆಟ್ಟಿನಲ್ಲಿ ಪ್ರಕಟವಾಗದಂತೆ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆ ನೀಡಿದ್ದರಿಂದ, ಹನ್ನೆರಡಕ್ಕೂ ಹೆಚ್ಚು ವರ್ಷ ಅದು ಜಾರಿಗೆ ಬರಲಿಲ್ಲ. ಎಲ್ಲರಿಗೂ ತಿಳಿದಿದ್ದೂ ‘ನೋಟಿಫೈ’ ಆಗದ ಸಂಗತಿ ಇದು.

ಮನೆಬಾಗಿಲಿಗೆ ಬರುವ ಮಾತುಗಳು

ಇಲ್ಲಿಯವರೆಗಿನ ಪದಗಳು ಪತ್ರಿಕೆಯಲ್ಲಿ ಓದುವಂಥವು. ಇನ್ನು ಬರುವವು ಪತ್ರಿಕೆಯಿಂದ ಇಳಿದು ಮನೆಬಾಗಿಲಿಗೆ ನಡೆದುಬರುವಂಥವು. ಕಚೇರಿಯ ಕಾಗದ ಕನ್ನಡದಲ್ಲಿದ್ದರೂ ಇವು ಇಂಗ್ಲಿಷಿನಲ್ಲೇ ಉಳಿದುಬಿಡುವುದುಂಟು. ‘ಏನ್ ಬರದಾರವ್ವಾ ಇದರಾಗ?’ ಎಂದು ಮುತ್ಯಾ ಕೇಳುವುದು ಶಾಲೆಗೆ ಹೋಗುವ ಮೊಮ್ಮಗಳನ್ನು.

‘ಕಾಂಪೆನ್ಸೇಷನ್’ ಎಂದರೆ ಪರಿಹಾರವೆಂದು ಅವಳು ಹೇಳಬಲ್ಲಳು. ಅದರ ಬೇರಿನಲ್ಲಿ ತಕ್ಕಡಿಯಿದೆ: ‘ಪೆನ್ಸಾರೆ’ ಎಂದರೆ ತೂಗುವುದು. ಒಂದು ತಟ್ಟೆಯಲ್ಲಿ ಹೋದುದನ್ನೂ ಇನ್ನೊಂದರಲ್ಲಿ ಬಂದುದನ್ನೂ ಇಟ್ಟು ಸರಿದೂಗಿಸುವುದೇ ಕಾಂಪೆನ್ಸೇಷನ್. ಮುತ್ಯಾನ ‘ಪೆನ್ಷನ್’, ಮನೆಯ ‘ಎಕ್ಸ್‌ಪೆನ್ಸ್’, ಕಚೇರಿಯ ‘ಪೆಂಡಿಂಗ್’ ಕಡತ, ಎಲ್ಲವೂ ತೂಗುವ, ತೂಗಿಬಿಡುವ ಆ ಒಂದೇ ಬೇರಿನವು.

‘ಸೊಲೇಷಿಯಂ’ ಎಂಬುದು ಅವಳಿಗೆ ಹೊಸದು. ಸಂತೈಸುವುದೆಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದು ಬಂದಿದೆ. ‘ಸಾಲೇಸ್’, ‘ಕನ್ಸೋಲ್’, ಆಟದಲ್ಲಿ ಸೋತವರಿಗೆ ಕೊಡುವ ‘ಕನ್ಸೋಲೇಷನ್’ ಬಹುಮಾನ, ಇವು ಅದರ ಒಡಹುಟ್ಟುಗಳು. (‘ಡೆಸೊಲೇಟ್’ ಹತ್ತಿರದ್ದೆಂದು ತೋರಿದರೂ ಅದರ ಬೇರು ‘ಒಂಟಿ’ ಎಂಬರ್ಥದ ಬೇರೆ ಪದ.) ನೆಲದ ಬೆಲೆಯನ್ನು ತೂಗಿ ಕೊಟ್ಟ ಮೇಲೂ, ಒಲ್ಲದ ಮನಸ್ಸಿನಿಂದ ಬಿಟ್ಟುಕೊಡಬೇಕಾಯಿತೆಂಬ ನೋವಿಗೆ ಕಾನೂನು ಸೇರಿಸಿ ಕೊಡುವ ಹಣವೇ ಸೊಲೇಷಿಯಂ. 1894ರ ಭೂಸ್ವಾಧೀನ ಕಾಯಿದೆಯಲ್ಲಿ ಅದು ನೂರಕ್ಕೆ 15ರಷ್ಟಿತ್ತು. 1984ರ ತಿದ್ದುಪಡಿಯಿಂದ 30 ಆಯಿತು. 2014ರ ಜನವರಿ 1ರಂದು ಜಾರಿಗೆ ಬಂದ ಹೊಸ ಕಾಯಿದೆಯಲ್ಲಿ 100 ಆಗಿದೆ. ಈ ಪದವನ್ನು ಅರಿಯದವರು ಲೆಕ್ಕದ ಅರ್ಧಭಾಗವನ್ನೇ ಅರಿಯದವರಾಗುತ್ತಾರೆ.

ಆ ಹೊಸ ಕಾಯಿದೆಯ ಹೆಸರಿನಲ್ಲಿಯೇ ‘ರಿಹ್ಯಾಬಿಲಿಟೇಷನ್’ ಮತ್ತು ‘ರೀಸೆಟ್ಲ್‌ಮೆಂಟ್’ ಎಂಬ ಎರಡು ಪದಗಳು ಜೊತೆಜೊತೆಯಾಗಿ ನಿಂತಿವೆ. ಎರಡಕ್ಕೂ ಪುನರ್ವಸತಿ ಎಂದುಬಿಡುವುದು ವಾಡಿಕೆ. ಹಾಗಾದರೆ ಎರಡು ಪದಗಳೇಕೆ? ‘ರೀಸೆಟ್ಲ್‌ಮೆಂಟ್’ ಎಂದರೆ ಬೇರೊಂದು ಕಡೆ ನೆಲೆಗೊಳಿಸುವುದು: ನಿವೇಶನ, ಮನೆ, ರಸ್ತೆ, ನಳ. ‘ರಿಹ್ಯಾಬಿಲಿಟೇಷನ್’ ಎಂಬುದರ ಬೇರು ‘ಹಾಬಿಲಿಸ್’, ಅಂದರೆ ಸಮರ್ಥ. ‘ಎಬಿಲಿಟಿ’ ಅದರ ಮಗಳು. ಬದುಕಲು ಮತ್ತೆ ಸಮರ್ಥನನ್ನಾಗಿ ಮಾಡುವುದು ಅದರ ಅರ್ಥ. ಹೊಲದೊಡನೆ ಹೋದ ದುಡಿಮೆ, ಊರೊಡನೆ ಹೋದ ಗಿರಾಕಿ, ನೆರೆಯೊಡನೆ ಹೋದ ಕೊಡುಕೊಳ್ಳುವಿಕೆ, ಇವುಗಳಿಗೆ ಬದಲು ಏನು ದೊರೆಯಿತೆಂದು ಕೇಳುವ ಪದ ಅದು. ಮನೆ ಕೊಟ್ಟಾಯಿತೆಂದ ಮಾತ್ರಕ್ಕೆ ಎರಡನೆಯ ಪದದ ಸಾಲ ತೀರುವುದಿಲ್ಲ.

ಉಳಿದ ಎರಡು ಪದಗಳು ಸಹಿಯ ಹತ್ತಿರ ಕಾಣುವಂಥವು. ಮೊದಲನೆಯದು ‘ಪ್ರೊಟೆಸ್ಟ್’. ಕೇಳಿದೊಡನೆ ಮೆರವಣಿಗೆ, ಘೋಷಣೆ ಕಣ್ಣಮುಂದೆ ಬರುವುವು. ಇದರೊಳಗಿನ ‘ಟೆಸ್ಟಿಸ್’ ಎಂದರೆ ಸಾಕ್ಷಿ. ‘ಅಟೆಸ್ಟೆಡ್’ ಪ್ರತಿಯಲ್ಲಿ, ಉಯಿಲೆಂಬರ್ಥದ ‘ಟೆಸ್ಟಮೆಂಟ್’ನಲ್ಲಿ ಇರುವುದೂ ಅದೇ. ಎಲ್ಲರ ಮುಂದೆ ಸಾಕ್ಷಿಯಾಗುವಂತೆ ನುಡಿಯುವುದು ಪ್ರೊಟೆಸ್ಟ್. ಪರಿಹಾರದ ಹಣವನ್ನು ‘ಅಂಡರ್ ಪ್ರೊಟೆಸ್ಟ್’ ಪಡೆಯುವುದೆಂದರೆ, ಹಣವನ್ನು ತೆಗೆದುಕೊಂಡರೂ ಇಷ್ಟು ಸಾಲದೆಂಬ ತಕರಾರನ್ನು ಬರಹದಲ್ಲಿ ಉಳಿಸಿಕೊಳ್ಳುವುದು. ಹಾಗೆ ಉಳಿಸಿಕೊಳ್ಳದೆ ಹಣವನ್ನು ಪಡೆದವರಿಗೆ, ಮೊತ್ತವನ್ನು ಹೆಚ್ಚಿಸಲು ತಮ್ಮ ಪ್ರಕರಣವನ್ನು ಮೇಲಿನ ವಿಚಾರಣೆಗೆ ಕಳುಹಿಸಿರೆಂದು ಅರ್ಜಿ ಹಾಕುವ ಹಕ್ಕು ಇಲ್ಲವೆಂದು 1894ರ ಕಾಯಿದೆಯೂ ಹೇಳಿತು, 2013ರ ಕಾಯಿದೆಯೂ ಹೇಳುತ್ತದೆ. ಆ ಅರ್ಜಿಗೆ ಗಡುವೂ ಉಂಟು: ಐತೀರ್ಪಿನ ವೇಳೆ ಎದುರಿಗಿದ್ದವರಿಗೆ ಅಂದಿನಿಂದ ಆರು ವಾರ. ಅದೇ ಅಧಿಸೂಚನೆಗೆ ಒಳಪಟ್ಟ ನೆರೆಯವನಿಗೆ ಹೆಚ್ಚಿನ ದರ ದೊರೆತರೆ ಅದನ್ನು ತೋರಿಸಿ ಮರುನಿರ್ಧಾರ ಕೇಳುವ ಬೇರೊಂದು ದಾರಿಯಿದೆ. ಅದಕ್ಕೂ ಮೂರು ತಿಂಗಳ ಮಿತಿ. ಎರಡೇ ಎರಡು ಇಂಗ್ಲಿಷ್ ಪದಗಳು, ಬರೆಯಲು ಅರ್ಧ ನಿಮಿಷವೂ ಬೇಡ.

ಎರಡನೆಯದು ‘ಕನ್ಸೆಂಟ್’. ‘ಸೆಂಟೀರೆ’ ಎಂದರೆ ಭಾವಿಸುವುದು; ಜೊತೆಗೂಡಿ ಭಾವಿಸಿದರೆ ‘ಕನ್ಸೆಂಟ್’, ಬೇರೆಯಾಗಿ ಭಾವಿಸಿದರೆ ‘ಡಿಸೆಂಟ್’, ಒಳಗೇ ಕುದಿದರೆ ‘ರಿಸೆಂಟ್’. 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವ ಸಂಪುಟವು, ಆಲಮಟ್ಟಿಯ ಎತ್ತರ ಏರಿದರೆ ಮುಳುಗುವ ಸುಮಾರು 75 ಸಾವಿರ ಎಕರೆಗೆ, ನೀರಾವರಿ ಜಮೀನಾದರೆ ಎಕರೆಗೆ 40 ಲಕ್ಷ, ಒಣಜಮೀನಾದರೆ 30 ಲಕ್ಷ ರೂಪಾಯಿಯೆಂದು ನಿಶ್ಚಯಿಸಿದಾಗ ‘ಕನ್ಸೆಂಟ್ ಅವಾರ್ಡ್’ ಎಂಬ ಜೋಡಿಪದ ಸುದ್ದಿಗೆ ಬಂತು. ಒಪ್ಪಿತ ಐತೀರ್ಪೆಂದು ಅದರ ಕನ್ನಡ. ಇದರಲ್ಲಿ ದರವು ಇಬ್ಬರೂ ಒಪ್ಪಿದ ದರ. ಆದುದರಿಂದ ಮುಂದೆ ಹೆಚ್ಚಿಗೆ ಕೇಳಿ ನ್ಯಾಯಾಲಯಕ್ಕೆ ಹೋಗುವ ಬಾಗಿಲು ಸಾಮಾನ್ಯವಾಗಿ ಮುಚ್ಚುತ್ತದೆ. ವ್ಯಾಜ್ಯದಲ್ಲಿ ಹತ್ತಾರು ವರ್ಷ ಸವೆಸಲಾರದವರಿಗೆ ಅದು ಹಿತವಾಗಬಹುದು. ದರ ಸಾಲದೆಂದು ನಂಬಿದವರಿಗೆ ಅಲ್ಲ. ಯಾವುದನ್ನು ಆರಿಸಬೇಕೆಂಬುದು ಮನೆಯವರು ಕೂತು, ಬಲ್ಲ ವಕೀಲರನ್ನು ಕೇಳಿ ನಿರ್ಧರಿಸಬೇಕಾದ ವಿಷಯ. ಆದರೆ ಆರಿಸುವವರಿಗೆ ಎರಡು ಪದಗಳ ಅರ್ಥವಾದರೂ ಮೊದಲು ಗೊತ್ತಿರಬೇಕು.

ಅಭ್ಯಾಸದ ಕ್ರಮ

ಇಂಥ ಪದಗಳನ್ನು ಉಳಿಸಿಕೊಳ್ಳಲು ನೂರು ಪುಟದ ಒಂದು ನೋಟುಪುಸ್ತಕ ಸಾಕು. ಪುಟಕ್ಕೊಂದು ಪದ. ಮೊದಲು, ಪತ್ರಿಕೆಯಲ್ಲಿ ಕಂಡ ವಾಕ್ಯವನ್ನು ಇಡಿಯಾಗಿ, ತಾರೀಖಿನೊಡನೆ ಬರೆಯಬೇಕು. ವಾಕ್ಯದಿಂದ ಕಿತ್ತ ಪದ ನೀರಿನಿಂದ ತೆಗೆದ ಮೀನಿನಂತೆ. ಎರಡನೆಯದಾಗಿ, ಅದರ ಒಡಹುಟ್ಟು ಪದಗಳನ್ನು ಬರೆಯಬೇಕು. ಮೂರನೆಯದಾಗಿ, ಮನೆಮಂದಿ ಆಡುವ ಕನ್ನಡದಲ್ಲಿ ಅದರ ಅರ್ಥವನ್ನು ಬರೆದು, ಇಂಗ್ಲಿಷ್ ಬಾರದ ಒಬ್ಬ ಹಿರಿಯರಿಗೆ ಓದಿ ಹೇಳಬೇಕು. ಅವರಿಗೆ ತಿಳಿಯದಿದ್ದರೆ ಬರೆದವರಿಗೂ ಇನ್ನೂ ತಿಳಿದಿಲ್ಲವೆಂದೇ ಲೆಕ್ಕ. ದಿನಕ್ಕೆ ಒಂದೇ ಪದವಾದರೂ ವರ್ಷಕ್ಕೆ ಮುನ್ನೂರು ದಾಟುವುದು.

ಈ ವಾರದ ಪರೀಕ್ಷೆ

1. ಜಲಾಶಯದಲ್ಲಿ ಸಂಗ್ರಹವಾದ ನೀರನ್ನು ಅಳೆಯುವುದು: (ಅ) ಕ್ಯೂಸೆಕ್ (ಆ) ಟಿ.ಎಂ.ಸಿ.
2. ‘ರೈವಲ್’ ಪದದ ಬೇರಿನ ಅರ್ಥ: (ಅ) ದಡ (ಆ) ತೊರೆ
3. ‘ಸೊಲೇಷಿಯಂ’ನ ಒಡಹುಟ್ಟು: (ಅ) ಕನ್ಸೋಲ್ (ಆ) ಡೆಸೊಲೇಟ್
4. ನದಿ ಇಳಿದ ಮೇಲೆ ಮತ್ತೆ ಉಳಲು ಬರುವ ಹೊಲ: (ಅ) ಇನಂಡೇಟ್ ಆದುದು (ಆ) ಸಬ್‌ಮರ್ಜೆನ್ಸ್‌ಗೆ ಸೇರಿದುದು
5. ಹಣವನ್ನು ಪಡೆದೂ ತಕರಾರನ್ನು ಉಳಿಸಿಕೊಳ್ಳುವ ಮಾತು: (ಅ) ಕನ್ಸೆಂಟ್ (ಆ) ಅಂಡರ್ ಪ್ರೊಟೆಸ್ಟ್

ಉತ್ತರ: 1–ಆ, 2–ಆ, 3–ಅ, 4–ಅ, 5–ಆ.

ಐದಕ್ಕೆ ಐದೂ ಸರಿಯಾದವರು ಈ ಪುಟವನ್ನು ಮಡಿಸಿಡುವ ಮೊದಲು ಐದನೆಯ ಪ್ರಶ್ನೆಯನ್ನು ಮನೆಯ ಹಿರಿಯರಿಗೂ ಒಮ್ಮೆ ಕೇಳಿ, ಅವರಿಗೆ ತಿಳಿಯುವಂತೆ ಹೇಳಿದರೆ ಈ ವಾರದ ಪಾಠ ಪೂರ್ತಿಯಾದಂತೆ.